ಬೇಕು ಬೇರೆ, ಹಿತ ಬೇರೆ: ಆನಂದದ ಲೆಕ್ಕದಲ್ಲಿ ಮಿದುಳು ಮತ್ತು ಉಪನಿಷತ್ತು

ಮಿದುಳಿನ ರಾಸಾಯನಿಕವಾದ ಡೋಪಮೈನ್ ಎಂದರೆ ‘ಸಂತೋಷದ ಹಾರ್ಮೋನು’ ಎಂಬ ಮಾತು ಈಗ ಬೆಂಗಳೂರಿನ ಯಾವ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಹೋದರೂ ಕಿವಿಗೆ ಬೀಳುತ್ತದೆ. ಯೋಗ ಶಿಬಿರದ ಭಾಷಣದಲ್ಲಿ, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಐಟಿ ಕಂಪನಿಗಳು ನೌಕರರಿಗಾಗಿ ಏರ್ಪಡಿಸುವ ಉಪನ್ಯಾಸಗಳಲ್ಲಿ ಅದು ಒಂದು ಸರಪಳಿಯಂತೆ ಬರುತ್ತದೆ: ಧ್ಯಾನ ಮಾಡಿದರೆ ಡೋಪಮೈನ್ ಹೆಚ್ಚುತ್ತದೆ, ಡೋಪಮೈನ್ ಹೆಚ್ಚಿದರೆ ಸಂತೋಷ ಹೆಚ್ಚುತ್ತದೆ, ಇದೆಲ್ಲ ನಮ್ಮ ಋಷಿಗಳಿಗೆ ಸಾವಿರಾರು ವರ್ಷಗಳ ಹಿಂದೆಯೇ ತಿಳಿದಿತ್ತು. ಇದರಲ್ಲಿ ನಡುವಿನ ಮಾತು ಮಿದುಳಿನ ವಿಜ್ಞಾನದ ಪ್ರಕಾರ ತಪ್ಪು. ಕೊನೆಯ ಮಾತು ಋಷಿಗಳಿಗೆ ಮಾಡುವ ಅನ್ಯಾಯ. ಅವರು ಕಂಡುಕೊಂಡದ್ದು ಯಾವುದೋ ರಾಸಾಯನಿಕವನ್ನಲ್ಲ. ಮನುಷ್ಯನಿಗೆ ಒಂದು ವಸ್ತು ಬೇಕೆನ್ನಿಸುವುದಕ್ಕೂ ಅದು ಸಿಕ್ಕಾಗ ಹಿತವೆನ್ನಿಸುವುದಕ್ಕೂ ನಡುವೆ ಇರುವ ಅಂತರವನ್ನು ಅವರು ಕಂಡಿದ್ದರು. ಆಧುನಿಕ ಮನೋವಿಜ್ಞಾನ ಅದೇ ಅಂತರವನ್ನು ಗುರುತಿಸಲು ಬಹಳ ಸುತ್ತಿ ಬರಬೇಕಾಯಿತು, ಮತ್ತು ಆ ಸುತ್ತು ಶುರುವಾದದ್ದು ಒಂದು ತಪ್ಪು ಹೆಸರಿನಿಂದ.

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ತೆಳುವಾದ ವಿದ್ಯುತ್ ತಂತಿಯನ್ನು ಇಳಿಸಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ತಂತಿ ಉದ್ದೇಶಿಸಿದ ಜಾಗ ತಪ್ಪಿ ಬೇರೆಡೆ ನಿಂತಿದ್ದ ಒಂದು ಇಲಿ, ವಿದ್ಯುತ್ತಿನ ಮಿಡಿತ ಸಿಕ್ಕಿದ ಮೂಲೆಗೇ ಮತ್ತೆ ಮತ್ತೆ ಹಿಂದಿರುಗುತ್ತಿತ್ತು. ಇಲಿಯೇ ಸನ್ನೆಯನ್ನು (ಲಿವರನ್ನು) ಒತ್ತಿ ತನ್ನ ಮಿದುಳಿಗೆ ಮಿಡಿತ ಕೊಟ್ಟುಕೊಳ್ಳುವಂತೆ ಏರ್ಪಾಟು ಮಾಡಿದಾಗ, ಮುಂದಿನ ವರ್ಷಗಳ ಪ್ರಯೋಗಗಳಲ್ಲಿ ಕೆಲವು ಇಲಿಗಳು ಗಂಟೆಗೆ ಸಾವಿರಾರು ಬಾರಿ ಒತ್ತಿದವು. ಮಿದುಳಿನ ಈ ಭಾಗಗಳು ‘ಸುಖದ ಕೇಂದ್ರ’ ಎಂದು ಹೆಸರಾದವು. ನಮ್ಮ ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದೂ ಅದೇ 1954ರಲ್ಲಿ. ಮುಂದೆ ಅದು ಇಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ಇಂದಿನ ಹೆಸರು ಪಡೆಯಿತು. ಅಂದರೆ ಮಿದುಳಿನಲ್ಲಿ ಸುಖದ ವಿಳಾಸ ಸಿಕ್ಕಿತೆಂಬ ಸಂಭ್ರಮಕ್ಕೆ, ನಮ್ಮ ಹೊಸೂರು ರಸ್ತೆಯ ಈ ಸಂಸ್ಥೆಯಷ್ಟೇ ವಯಸ್ಸು. ಆದರೆ ಆ ಸಂಭ್ರಮದಲ್ಲಿ ಒಂದು ಪ್ರಶ್ನೆಯನ್ನು ಬಹುಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಸನ್ನೆ ಒತ್ತುತ್ತಿದ್ದ ಇಲಿಗೆ ಸುಖವಾಗುತ್ತಿತ್ತೇ, ಅಥವಾ ಇನ್ನೊಮ್ಮೆ ಒತ್ತಬೇಕು ಅನ್ನಿಸುತ್ತಿತ್ತೇ?

ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ 1980ರ ದಶಕದಲ್ಲಿ ಇದಕ್ಕೆ ಉತ್ತರ ಹುಡುಕುವ ದಾರಿಯನ್ನು ಮುಖಭಾವದಲ್ಲಿ ಕಂಡುಕೊಂಡರು. ನಾಲಿಗೆಗೆ ಸಿಹಿ ಹನಿ ತಾಗಿದರೆ ಎಳೆಗೂಸು ತುಟಿ ಚಪ್ಪರಿಸುತ್ತದೆ, ಇಲಿಯೂ ನಾಲಿಗೆ ಚಾಚಿ ಸವಿಯುತ್ತದೆ. ಕಹಿ ತಾಗಿದರೆ ಎರಡೂ ಬಾಯಿ ತೆರೆದು ಮುಖ ಕಿವುಚುತ್ತವೆ. ಬೆರಿಜ್ ಮತ್ತು ಸಂಗಡಿಗರು ಇಲಿಗಳ ಮಿದುಳಿನಲ್ಲಿದ್ದ ಡೋಪಮೈನನ್ನು ಬಹುಮಟ್ಟಿಗೆ ನಾಶಪಡಿಸಿದಾಗ, ಆ ಇಲಿಗಳು ಆಹಾರ ಎದುರಿಗಿದ್ದರೂ ಮುಟ್ಟದಾದವು. ಕೊಳವೆಯ ಮೂಲಕ ಉಣಿಸದಿದ್ದರೆ ಸಾಯುತ್ತಿದ್ದವು. ಆದರೆ ಸಕ್ಕರೆ ನೀರನ್ನು ಬಾಯಿಗೆ ಬಿಟ್ಟರೆ ಎಂದಿನಂತೆಯೇ ಚಪ್ಪರಿಸುತ್ತಿದ್ದವು. ಹಿತ ಹಾಗೆಯೇ ಉಳಿದಿತ್ತು, ಬೇಕೆನ್ನಿಸುವುದು ಮಾತ್ರ ಅಳಿದುಹೋಗಿತ್ತು. ಇದನ್ನು ತಿರುಗಿಸಿ ನೋಡಿದರೂ ಅಷ್ಟೇ: ಡೋಪಮೈನ್ ಅತಿಯಾಗಿರುವ ಇಲಿಗಳು ಸಿಹಿಯತ್ತ ಬೇಗ ಓಡುತ್ತವೆ, ಆದರೆ ಹೆಚ್ಚಾಗಿ ಚಪ್ಪರಿಸುವುದಿಲ್ಲ. ಮನುಷ್ಯರಲ್ಲೂ ಇದರ ಸುಳಿವುಂಟು. ಪಾರ್ಕಿನ್ಸನ್ ಕಾಯಿಲೆಗೆ ಡೋಪಮೈನಿನಂತೆಯೇ ಕೆಲಸಮಾಡುವ ಕೆಲವು ಔಷಧಗಳನ್ನು ಕೊಟ್ಟಾಗ ಕೆಲವು ರೋಗಿಗಳಿಗೆ ಜೂಜಿನ ಅಥವಾ ಖರೀದಿಯ ಗೀಳು ಹತ್ತುವುದನ್ನು ವೈದ್ಯರು ಬಲ್ಲರು.

ಮದುವೆಮನೆಯಲ್ಲಿ ‘ಪಂಕ್ತಿಗೆ ಬನ್ನಿ, ಎಲೆ ಹಾಕಿದೆ’ ಎಂದು ಕರೆಯುವವರು ಬೇರೆ, ಎಲೆಗೆ ಬಡಿಸುವವರು ಬೇರೆ. ಡೋಪಮೈನ್ ಕರೆಯುವವನು. ಅವನ ದನಿ ಎಷ್ಟು ಜೋರಾದರೂ ಹೋಳಿಗೆಯ ರುಚಿ ಹೆಚ್ಚುವುದಿಲ್ಲ. ಅವನು ಕರೆಯದೆ ಸುಮ್ಮನಾದರೆ ಅಡುಗೆ ಸೊಗಸಾಗಿದ್ದರೂ ಯಾರೂ ಎದ್ದು ಬರುವುದಿಲ್ಲ. ಬಡಿಸುವ ಕೆಲಸ ಮಿದುಳಿನ ಆಳದಲ್ಲಿರುವ, ಇಲಿಯಲ್ಲಿ ಸುಮಾರು ಒಂದು ಘನ ಮಿಲಿಮೀಟರಿನಷ್ಟು ಪುಟ್ಟದಾದ ಕೆಲವು ತಾಣಗಳದ್ದು. ಅಲ್ಲಿ ಕೆಲಸಮಾಡುವ ರಾಸಾಯನಿಕಗಳು ಬೇರೆ. ಅವುಗಳಲ್ಲಿ ಒಂದನ್ನು 1992ರಲ್ಲಿ ಇಸ್ರೇಲಿನ ರಾಫೆಲ್ ಮೆಕೂಲಮ್ ಅವರ ಪ್ರಯೋಗಾಲಯ ಗುರುತಿಸಿ, ಸಂಸ್ಕೃತದ ಆನಂದವನ್ನು ಸೇರಿಸಿ ‘ಆನಂದಮೈಡ್’ ಎಂದು ಹೆಸರಿಟ್ಟಿತು.

ಕರೆಯುವವನ ಸ್ವಭಾವವನ್ನು ಇನ್ನೂ ಹತ್ತಿರದಿಂದ ತೋರಿಸಿದವರು ನರವಿಜ್ಞಾನಿ ವೂಲ್ಫ್ರಾಮ್ ಶುಲ್ಟ್ಸ್. ಅವರು ಕೋತಿಗಳ ಡೋಪಮೈನ್ ನರಕೋಶಗಳ ಮಿಡಿತವನ್ನು ದಾಖಲಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಸಿಕ್ಕಾಗ ಆ ಕೋಶಗಳು ರಭಸದಿಂದ ಮಿಡಿದವು. ಪ್ರತಿ ಹನಿಗೂ ಮೊದಲು ಒಂದು ದೀಪ ಹೊತ್ತಿಕೊಳ್ಳುವಂತೆ ಮಾಡಿ ಅಭ್ಯಾಸವಾದ ಮೇಲೆ, ಮಿಡಿತ ದೀಪಕ್ಕೆ ವರ್ಗವಾಯಿತು. ರಸ ಬಂದಾಗ ಕೋಶಗಳು ತಮ್ಮ ಪಾಡಿಗೆ ತಾವಿದ್ದವು. ದೀಪ ಹೊತ್ತಿ ರಸ ಬಾರದಿದ್ದರೆ, ರಸ ಬರಬೇಕಾಗಿದ್ದ ಕ್ಷಣಕ್ಕೆ ಸರಿಯಾಗಿ ಮಿಡಿತ ಮಾಮೂಲಿಗಿಂತಲೂ ಕೆಳಗಿಳಿಯಿತು. ಇದನ್ನು ಬಸವನಗುಡಿಯ ಯಾವುದಾದರೂ ದರ್ಶಿನಿಯಲ್ಲಿ ನಿಂತು ಯೋಚಿಸಬಹುದು. ಊರಿಗೆ ಹೊಸಬರಾದವರಿಗೆ ಮೊದಲ ದಿನ ಆ ಫಿಲ್ಟರ್ ಕಾಫಿಯ ಗುಟುಕೇ ಅಚ್ಚರಿ. ವಾರ ಕಳೆಯುವಷ್ಟರಲ್ಲಿ ಡಿಕಾಕ್ಷನ್ನಿನ ಪರಿಮಳಕ್ಕೇ ಮನಸ್ಸು ಅರಳುತ್ತದೆ; ಆಮೇಲೆ ಬಿಲ್ ಕೌಂಟರಿನಲ್ಲಿ ಟೋಕನ್ ಕೈಗೆ ಬಂದಾಗಲೇ; ಕೊನೆಗೆ ಹನ್ನೊಂದು ಗಂಟೆಗೆ ಸಹೋದ್ಯೋಗಿ ‘ಬನ್ನಿ ಸಾರ್, ಕಾಫಿಗೆ ಹೋಗೋಣ’ ಎಂದಾಗಲೇ. ಕರೆ ಹೀಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ. ಲೋಟ ಕೈಗೆ ಬರುವ ಹೊತ್ತಿಗೆ ಕಣ್ಣು ಮೊಬೈಲಿನ ಮೇಲಿರುತ್ತದೆ, ಏಕೆಂದರೆ ಅಷ್ಟರಲ್ಲಿ ಇನ್ನೊಂದು ದೀಪ ಹೊತ್ತಿಕೊಂಡಿರುತ್ತದೆ.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟು ತೈತ್ತಿರೀಯ ಉಪನಿಷತ್ತಿನ ಆನಂದವಲ್ಲಿಯನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಆನಂದವನ್ನು ಅಳೆಯುವ ಒಂದು ಲೆಕ್ಕವಿದೆ. ಒಳ್ಳೆಯವನೂ ಓದಿದವನೂ ದೃಢಕಾಯನೂ ಆದ ಒಬ್ಬ ಯುವಕನಿದ್ದಾನೆ, ಸಂಪತ್ತಿನಿಂದ ತುಂಬಿದ ಈ ಇಡೀ ಭೂಮಿ ಅವನದಾಗಿದೆ ಎಂದುಕೊಳ್ಳೋಣ. ಅದು ಮನುಷ್ಯಾನಂದದ ಒಂದು ಮಾನ. ಅದರ ನೂರು ಪಟ್ಟು ಮನುಷ್ಯಗಂಧರ್ವರ ಆನಂದ, ಅದರ ನೂರು ಪಟ್ಟು ದೇವಗಂಧರ್ವರದು, ಹೀಗೆಯೇ ಪಿತೃಗಳು, ಹಲವು ಬಗೆಯ ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿಯನ್ನು ದಾಟಿ ಬ್ರಹ್ಮನವರೆಗೆ ಹತ್ತು ಮೆಟ್ಟಿಲು. ಒಂದರ ಮುಂದೆ ಇಪ್ಪತ್ತು ಸೊನ್ನೆ ಹಾಕಿದಷ್ಟು. ಕೇಳುವವನು ಈ ಮೆಟ್ಟಿಲುಗಳ ಎತ್ತರಕ್ಕೆ ಬೆರಗಾಗಿ ನಿಂತಿರುವಾಗ, ಉಪನಿಷತ್ತು ಪ್ರತಿ ಮೆಟ್ಟಿಲಿನಲ್ಲೂ ಒಂದೇ ಪಲ್ಲವಿಯನ್ನು ಹೇಳುತ್ತದೆ: ‘ಶ್ರೋತ್ರಿಯಸ್ಯ ಚಾಕಾಮಹತಸ್ಯ’. ವೇದವನ್ನು ಅರಿತು ಕಾಮದ ಪೆಟ್ಟು ತಾಗದವನಿಗೆ ಅದೇ ಆನಂದ ಇಲ್ಲೇ ಉಂಟು. ಗಂಧರ್ವನ ಆನಂದವೂ ಅವನಿಗುಂಟು, ಇಂದ್ರನದೂ ಉಂಟು, ಬ್ರಹ್ಮನದೂ ಉಂಟು. ಏಣಿಯನ್ನು ಹತ್ತು ಮೆಟ್ಟಿಲು ಎತ್ತರಕ್ಕೆ ಕಟ್ಟಿ, ಪ್ರತಿ ಮೆಟ್ಟಿಲಿನಲ್ಲೂ ಹತ್ತುವ ಅಗತ್ಯವಿಲ್ಲವೆಂದು ಹೇಳುವ ಈ ರಚನೆಯ ಧೈರ್ಯಕ್ಕೆ ಸಾಟಿಯಾದದ್ದನ್ನು ನಾನು ಓದಿಲ್ಲ. ಶತಮಾನಗಳ ನಂತರ ಅಲ್ಲಮಪ್ರಭು ಹೊನ್ನು, ಹೆಣ್ಣು, ಮಣ್ಣುಗಳನ್ನು ಒಂದೊಂದಾಗಿ ದೋಷಮುಕ್ತಗೊಳಿಸಿ ‘ಮನದ ಮುಂದಣ ಆಸೆಯೇ ಮಾಯೆ’ ಎಂದಾಗ, ಕನ್ನಡದಲ್ಲಿ ಅದೇ ವಿವೇಕ ಇನ್ನಷ್ಟು ಖಚಿತವಾಗಿ ಬಂದಿತು.

ಏಣಿ ಹತ್ತಿದವರ ಗತಿ ಏನೆಂದು 1978ರಲ್ಲಿ ಮನೋವಿಜ್ಞಾನಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ನೋಡಿದರು. ಅಮೆರಿಕದ ಇಲಿನಾಯ್ ರಾಜ್ಯದ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಮಂದಿಯನ್ನು ಮಾತನಾಡಿಸಿದಾಗ, ಅವರ ಸಂತೋಷ ನೆರೆಹೊರೆಯವರಿಗಿಂತ ಗಮನಾರ್ಹವಾಗಿ ಹೆಚ್ಚೇನೂ ಇರಲಿಲ್ಲ. ಗೆಳೆಯನೊಡನೆ ಹರಟೆ, ಬೆಳಗಿನ ತಿಂಡಿಯಂಥ ಸಣ್ಣ ಸುಖಗಳು ಅವರಿಗೆ ಉಳಿದವರಿಗಿಂತ ಸಪ್ಪೆಯಾಗಿದ್ದವು. ಇದು ಪುಟ್ಟ ಅಧ್ಯಯನ, ಇದರಿಂದ ಹಣವೇ ಬೇಡವೆಂದು ಸಾರುವುದು ಸಲ್ಲದು. ಸ್ವೀಡನ್ನಿನ ಲಾಟರಿ ವಿಜೇತರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಬಹು ದೊಡ್ಡ ಅಧ್ಯಯನದಲ್ಲಿ ಬದುಕಿನ ಬಗೆಗಿನ ತೃಪ್ತಿ ಹತ್ತು ವರ್ಷ ಕಳೆದರೂ ಹೆಚ್ಚಾಗಿಯೇ ಉಳಿದಿತ್ತು, ದಿನನಿತ್ಯದ ಸಂತೋಷದ ಮೇಲೆ ಆದ ಪರಿಣಾಮ ಮಾತ್ರ ಅದಕ್ಕಿಂತ ಬಹಳ ಕಡಿಮೆ. ಮನೆ ಬಾಡಿಗೆಗೆ ಪರದಾಡುವವರಿಗೆ ವೈರಾಗ್ಯ ಬೋಧಿಸುವ ಹಕ್ಕು ಯಾರಿಗೂ ಇಲ್ಲ. ಆನಂದವಲ್ಲಿಯ ಮೊದಲ ಮೆಟ್ಟಿಲಿನಲ್ಲಿ ನಿಂತ ಯುವಕನೂ ಹಸಿದವನಲ್ಲ.

ಹಾಗಾದರೆ ಆಸೆಯ ಪೆಟ್ಟು ಬೀಳುವುದು ಎಲ್ಲಿಂದ? ಭಗವದ್ಗೀತೆಯ ಎರಡನೆಯ ಅಧ್ಯಾಯದ 62ನೆಯ ಶ್ಲೋಕ ಇದಕ್ಕೆ ಕೊಡುವ ಉತ್ತರ ಗಮನದಿಂದ ಶುರುವಾಗುತ್ತದೆ: ವಿಷಯಗಳನ್ನು ಧ್ಯಾನಿಸುವವನಿಗೆ ಅವುಗಳಲ್ಲಿ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ. ವಸ್ತು ಎದುರಿಗಿರಬೇಕೆಂದೇನೂ ಇಲ್ಲ, ಮನಸ್ಸು ಅದನ್ನು ಮೆಲುಕು ಹಾಕುತ್ತಿದ್ದರೆ ಸಾಕು. 2010ರಲ್ಲಿ ಮನೋವಿಜ್ಞಾನಿಗಳಾದ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಐಫೋನಿನ ಮೂಲಕ 2,250 ಮಂದಿಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ? ಶೇ. 46.9ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿರಲಿಲ್ಲ. ಜನ ಏನು ಮಾಡುತ್ತಿದ್ದರು ಎಂಬುದಕ್ಕಿಂತ ಮನಸ್ಸು ಎಲ್ಲಿತ್ತು ಎಂಬುದೇ ಅವರ ಸಂತೋಷವನ್ನು ಹೆಚ್ಚು ಚೆನ್ನಾಗಿ ಸೂಚಿಸುತ್ತಿತ್ತು. ಹಿತವಾದ ಹಗಲುಗನಸಿನಲ್ಲಿ ಅಲೆಯುತ್ತಿದ್ದವರು ಕೂಡ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಹೆಚ್ಚು ಸುಖಿಗಳಾಗಿರಲಿಲ್ಲ.

‘ಕರ್ಮಣ್ಯೇವಾಧಿಕಾರಸ್ತೇ’ ಎಂಬ ಮಾತು ದಿನಬಳಕೆಗೆ ಬರುವುದು ಇಲ್ಲಿ. ಫಲದ ಲೆಕ್ಕವನ್ನೇ ಇಡಬೇಡ ಎಂದು ಅದನ್ನು ಅರ್ಥಮಾಡುವುದು ಸರಿಯಲ್ಲ. ಲೆಕ್ಕವಿಲ್ಲದೆ ರೈತ ಬಿತ್ತಲಾರ, ವೈದ್ಯ ಔಷಧ ಬರೆಯಲಾರ. ಅದು ಬೇಡವೆನ್ನುವುದು ಫಲಕ್ಕೆ ಜೋತುಬೀಳುವುದನ್ನು. ಶೇ. 15ರಷ್ಟು ಸಂಬಳ ಏರಿಕೆಯನ್ನು ಮಾರ್ಚ್‌ನಿಂದ ನೆನೆದು ನೆನೆದು ಕಾದ ಇಂಜಿನಿಯರಿಗೆ ಶೇ. 12 ಬಂದಾಗ ಆಗುವುದೇನೆಂದು ನೋಡಿ. ಹಣ ಹೆಚ್ಚಾಗಿದೆ, ಮನಸ್ಸು ಕುಸಿದಿದೆ. ಶೇ. 15 ಬಂದಿದ್ದರೂ ಅದು ನಿರೀಕ್ಷಿಸಿದ್ದೇ ಆದ್ದರಿಂದ ಸಂಭ್ರಮ ಎರಡು ದಿನ ನಿಲ್ಲುತ್ತಿರಲಿಲ್ಲ. ಫಲಕ್ಕೆ ಜೋತುಬಿದ್ದ ಮನಸ್ಸಿಗೆ ಎರಡು ಕಡೆಯೂ ನಷ್ಟ. ಅದೇ ವ್ಯಕ್ತಿ ಮಧ್ಯಾಹ್ನ ಮೂರು ಗಂಟೆಗೆ ಸಿಕ್ಕುಬಿದ್ದ ಒಂದು ಪ್ರೋಗ್ರಾಮಿನ ತೊಡಕನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದಾಗ ಹೊತ್ತು ಹೋದದ್ದೇ ತಿಳಿದಿರಲಿಲ್ಲ. ಆ ವರ್ಷದ ಹಿತದ ಬಹುಭಾಗ ಸಿಕ್ಕಿದ್ದು ಅಲ್ಲಿಯೇ. ಹಾಗಾಗಿ ಮಾಡಬಹುದಾದ ಅಭ್ಯಾಸ ಬಹಳ ಸರಳ: ತಿನ್ನುವಾಗ ಮೊಬೈಲನ್ನು ಮಗುಚಿ ಇಡುವುದು, ಸಂಬಳ ಏರಿಕೆಯ ಬಗ್ಗೆ ಮಾತಾಡಬೇಕಾದ ದಿನ ಮಾತಾಡಿ ಉಳಿದ ದಿನ ಮೆಲುಕು ಹಾಕದಿರುವುದು, ಆಸೆ ಹುಟ್ಟಿದಾಗ ‘ಇದು ಬೇಕೆನ್ನಿಸುತ್ತಿದೆ, ಸಿಕ್ಕಾಗ ಹಿತವಾದೀತೇ?’ ಎಂದು ಹಿಂದಿನ ಅನುಭವವನ್ನು ಕೇಳುವುದು.

ಇಷ್ಟು ಸ್ಪಷ್ಟವಾದ ವಿಚಾರ ನಮ್ಮ ಗ್ರಂಥಗಳಲ್ಲೇ ಇರುವಾಗ, ಸುಖಕ್ಕಾಗಿ ಉಂಗುರದ ಹರಳನ್ನೂ ‘ಪಾಸಿಟಿವ್ ಎನರ್ಜಿ’ಯ ಯಂತ್ರವನ್ನೂ ಸಾಲ ಮಾಡಿ ಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ಮನಸ್ಸಿನಲ್ಲಿ ಬಲವಾಗಿ ಬಯಸಿದ್ದನ್ನು ವಿಶ್ವವೇ ತಂದುಕೊಡುತ್ತದೆಂದು ಹೇಳುವ ಶಿಬಿರಗಳಂತೂ ಗೀತೆಯ ಆ 62ನೆಯ ಶ್ಲೋಕಕ್ಕೆ ನೇರ ವಿರುದ್ಧವಾದದ್ದನ್ನು ಗೀತೆಯ ಹೆಸರಿನಲ್ಲೇ ಕಲಿಸುತ್ತಿವೆ.

ಇದಕ್ಕಿಂತ ಅಪಾಯಕಾರಿಯಾದ ತಪ್ಪು ಇನ್ನೊಂದಿದೆ. ಖಿನ್ನತೆಯಲ್ಲಿ ಏನೂ ಬೇಡವೆನ್ನಿಸುವುದು ರೋಗದ ಲಕ್ಷಣ. ಅದು ವೈರಾಗ್ಯವಲ್ಲ, ನಿಷ್ಕಾಮವೂ ಅಲ್ಲ. ಬೆರಿಜ್ ಅವರ ಇಲಿಗಳು ಅನ್ನದೆದುರು ಹಸಿದು ಕುಳಿತದ್ದನ್ನು ಮರೆಯಬಾರದು: ಆಸೆ ಪೂರ್ತಿ ಅಳಿದರೆ ಬದುಕು ನಡೆಯುವುದಿಲ್ಲ. ಧರ್ಮಕ್ಕೆ ವಿರುದ್ಧವಲ್ಲದ ಕಾಮ ತಾನೇ ಎಂದು ಏಳನೆಯ ಅಧ್ಯಾಯದಲ್ಲಿ ಕೃಷ್ಣನೂ ಹೇಳುತ್ತಾನೆ. ಹಾಸಿಗೆ ಬಿಟ್ಟೇಳದ ಮಗನಿಗೋ ಸೊಸೆಗೋ ‘ಆಸೆ ಕಡಿಮೆ ಮಾಡಿಕೊ, ಎಲ್ಲ ಸರಿಹೋಗುತ್ತದೆ’ ಎನ್ನುವ ಮನೆಗಳಲ್ಲಿ ಚಿಕಿತ್ಸೆ ತಡವಾಗುತ್ತದೆ. ಅಂಥವರಿಗೆ ಮನೋವೈದ್ಯರು ಔಷಧದ ಜೊತೆಗೋ ಔಷಧವಿಲ್ಲದೆಯೋ ಹೇಳಿಕೊಡುವ ಒಂದು ಕ್ರಮವುಂಟು. ಮನಸ್ಸು ಬರಲೆಂದು ಕಾಯದೆ, ದಿನಕ್ಕೆ ಒಂದೆರಡು ಪುಟ್ಟ ಕೆಲಸಗಳನ್ನು ಗೊತ್ತಾದ ಹೊತ್ತಿಗೆ ಮಾಡಿಸುತ್ತಾರೆ: ಸ್ನಾನ, ಗಿಡಕ್ಕೆ ನೀರು, ಬೀದಿಯ ಕೊನೆಯವರೆಗೆ ನಡಿಗೆ. ಮೊದಲು ಕರ್ಮ, ಇಚ್ಛೆ ಆಮೇಲೆ. ಆದರೆ ಇದನ್ನು ಮಾಡಿಸುವವರು ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ಕೇಳುವವರಾಗಿರಬೇಕು. ಕೈಕಾಲು ಸೋತು, ಬಾಯಿ ಒಣಗಿ, ರಥದಲ್ಲಿ ಕುಸಿದ ಅರ್ಜುನನಿಗೆ ಕೃಷ್ಣ ಮೊದಲು ಹೇಳಿದ್ದು ‘ಈ ಕ್ಷುದ್ರವಾದ ದೌರ್ಬಲ್ಯ ಬಿಟ್ಟು ಏಳು’ ಎಂದೇ. ಅದರಿಂದ ಅರ್ಜುನ ಏಳಲಿಲ್ಲ. ಯುದ್ಧ ಮಾಡಲಾರೆನೆಂದು ಮೌನವಾದ. ಉಳಿದ ಇಡೀ ಗೀತೆ ಹುಟ್ಟಿದ್ದು, ಆ ಒಂದು ಮಾತು ಸಾಲದೆಂದು ಕಂಡ ಮೇಲೆ ನಡೆದ ಸಂಭಾಷಣೆಯಲ್ಲಿ. ಅಂಥ ಸಂಭಾಷಣೆ ಮನೆಯಲ್ಲಿ ಸಾಧ್ಯವಾಗದವರಿಗೆ 2022ರಿಂದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.