ಎದೆಯ ಆಪರೇಷನ್, ಹಣೆಯ ಮೇಲೆ ಪಟ್ಟಿ

ಬೈಪಾಸ್‌ಗೆಂದು ಹಾವೇರಿ, ಗದಗ ಕಡೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಮನೆಯವರು ವಿಚಾರಿಸುವುದೆಲ್ಲ ಎದೆಯ ಬಗ್ಗೆಯೇ. ಬ್ಲಾಕ್ ಎಷ್ಟಿದೆ, ಸ್ಟೆಂಟ್ ಹಾಕಿದರೆ ಸಾಲದೇ? ತಲೆಯ ಮಾತು ಬರುವುದು ಆಪರೇಷನ್ ಮುಗಿದ ಮೇಲೆ, ಹಿರಿಯರು ಮಗನ ಗುರುತು ತಪ್ಪಿದಾಗ, ರಾತ್ರಿಯಿಡೀ ಬಡಬಡಿಸಿದಾಗ. ಇಂಥ ಗೊಂದಲ ಬಹುತೇಕರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಪಾರ್ಶ್ವವಾಯು ಹೊಡೆದರೆ ಹಾಗಲ್ಲ. ಆಪರೇಷನ್ ನಡೆಯುವಾಗ ಮೆದುಳಿನ ಆಮ್ಲಜನಕದ ಮೇಲೆ ಕಣ್ಣಿಡಲೆಂದೇ ಹಣೆಯ ಮೇಲಿನ ಪಟ್ಟಿ.

ದೇಹದ ತೂಕದಲ್ಲಿ ಮೆದುಳಿನದು ಶೇ 2ರಷ್ಟು. ಆಮ್ಲಜನಕದಲ್ಲಿ ಮಾತ್ರ ಸುಮಾರು ಶೇ 20ರಷ್ಟನ್ನು ಅದೊಂದೇ ಕಬಳಿಸುತ್ತದೆ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಯುವತಿಯೊಬ್ಬಳ ಹೃದಯದ ರಂಧ್ರ ಮುಚ್ಚಿದರು. ಹೃದಯವನ್ನು ನಿಲ್ಲಿಸಿ ಕೆಲಸ ಮಾಡುವ ದಾರಿ ತೆರೆಯಿತು. ಆದರೆ ಯಂತ್ರ ರಕ್ತವನ್ನು ಸಾಮಾನ್ಯವಾಗಿ ಒಂದೇ ಸಮನೆ ಹರಿಸುತ್ತದೆ, ಮಿಡಿತವಿಲ್ಲ. 1974ರಲ್ಲಿ ಜಪಾನಿನ ತಕುವೊ ಅವೊಯಾಗಿ ರೂಪಿಸಿದ ತತ್ವದ ಮೇಲೆ ನಡೆಯುವ, ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ನಂಬಿರುವುದು ಆ ಮಿಡಿತವನ್ನೇ. ಹೀಗಾಗಿ ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ.

ಮಿಡಿತವಿಲ್ಲದೆಯೂ ಮೆದುಳಿನ ಆಮ್ಲಜನಕ ಅಳೆಯುವ ದಾರಿ ಸಿಕ್ಕಿದ್ದು ಬೆಳಕಿನಲ್ಲೇ. ಕಣ್ಣಿಗೆ ಕಾಣದ, ಕೆಂಪಿಗೆ ತುಸು ಆಚೆಗಿನ ಬೆಳಕು ಚರ್ಮ, ಮೂಳೆ ದಾಟಿ ಮೆದುಳಿಗೆ ಇಳಿಯಬಲ್ಲದು. ಆಮ್ಲಜನಕ ಹೊತ್ತ ರಕ್ತವೂ ಇಳಿಸಿದ ರಕ್ತವೂ ಅದನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. 1977ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೊಬ್ಸಿಸ್ ಬೆಕ್ಕಿನ ಮೆದುಳಿನಲ್ಲಿ ಇದನ್ನು ತೋರಿಸಿದರು. ಆಸ್ಪತ್ರೆಗೆ ಒಗ್ಗುವ ಯಂತ್ರ ಬರಲು 1990ರ ದಶಕವೇ ಆಗಬೇಕಾಯಿತು. ಹಣೆಯ ಎರಡೂ ಬದಿಗೆ ಅಂಟಿಸುವ ಪಟ್ಟಿ, ಪಕ್ಕದಲ್ಲಿ ಪರದೆ, ಅಷ್ಟೇ.

ಪರದೆಯಲ್ಲಿ 65 ಕಂಡರೆ ಗಾಬರಿಯಾಗಬೇಕಿಲ್ಲ. ಬೆರಳಿನ 98 ಅಪಧಮನಿಯ, ಅಂದರೆ ಆಮ್ಲಜನಕ ಹೊತ್ತು ಬರುವ ರಕ್ತದ ಲೆಕ್ಕ. ಪಟ್ಟಿಯ ಅಂಕಿಯಲ್ಲಿ ಅದನ್ನು ಇಳಿಸಿ ಹೃದಯಕ್ಕೆ ಮರಳುವ ಅಭಿಧಮನಿಯ ರಕ್ತದ್ದೇ ಹೆಚ್ಚು ಪಾಲು. ರೋಗಿಯ ಮೊದಲಿನ ಅಂಕಿಗಿಂತ ಶೇ 20ರಷ್ಟು ಕುಸಿದರೆ ಅಥವಾ 50ರ ಕೆಳಗೆ ಹೋದರೆ ಅರಿವಳಿಕೆ ತಜ್ಞರು ಎಚ್ಚರಾಗುತ್ತಾರೆ. ಕತ್ತು ಹೊರಳಿದೆಯೇ, ಕೊಳವೆ ಸರಿದಿದೆಯೇ ಎಂದು ನೋಡುತ್ತಾರೆ. ರಕ್ತದೊತ್ತಡ ಏರಿಸುತ್ತಾರೆ, ಅಗತ್ಯಬಿದ್ದರೆ ರಕ್ತ ಕೊಡುತ್ತಾರೆ.

ಇದರಿಂದ ಎಷ್ಟು ಲಾಭ? 2007ರಲ್ಲಿ ಕೆನಡಾದಲ್ಲಿ 200 ಬೈಪಾಸ್ ರೋಗಿಗಳ ಮೇಲೆ ನಡೆದ ಪ್ರಯೋಗ, ಅಂಕಿ ನೋಡಿ ಚಿಕಿತ್ಸೆ ಕೊಟ್ಟವರಲ್ಲಿ ಅಂಗಾಂಗಗಳ ಗಂಭೀರ ತೊಂದರೆ ಕಡಿಮೆ ಎಂದಿತು. ಬಳಿಕ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಅಷ್ಟು ಖಚಿತ ಉತ್ತರ ಸಿಗಲಿಲ್ಲ. ಪಟ್ಟಿ ಕಾಣುವುದು ಹಣೆಯ ಹಿಂದಿನ ಭಾಗವನ್ನಷ್ಟೇ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯಿಂದ ಕಳಚಿದ ಚೂರು ಮೆದುಳಿನ ಹಿಂಬದಿಗೆ ಹೋಗಿ ಕೂತರೆ ಪರದೆ ಸುಮ್ಮನಿರುತ್ತದೆ. ಆದ್ದರಿಂದ ಪಟ್ಟಿ ಇದೆಯೇ ಎಂಬುದನ್ನೊಂದೇ ನೋಡಿ ಆಸ್ಪತ್ರೆ ಆರಿಸುವುದು ನನಗೆ ಸರಿಕಾಣದು.

ಇನ್ನೊಂದು ತೊಡಕು ನಮ್ಮ ಬಣ್ಣದ್ದು. ಕಪ್ಪು ಚರ್ಮದವರಲ್ಲಿ ಈ ಯಂತ್ರ ಕಡಿಮೆ ಅಂಕಿ ತೋರಿಸುವುದುಂಟು, ಕಾಮಾಲೆಯಲ್ಲೂ ಹಾಗೆಯೇ. ಹೊಲದ ಬಿಸಿಲಿಗೆ ಕಪ್ಪಾದ ಹಣೆಗೆ ಪರದೇಶದ ಸರಾಸರಿ ಹೊಂದದು. ಅರಿವಳಿಕೆ ಕೊಡುವ ಮುನ್ನ ಬರೆದಿಟ್ಟ ಆ ರೋಗಿಯದೇ ಅಂಕಿ ಬೇಕು.