ಒಂದೇ ಕುಲುಮೆ, ನೂರು ಸಂಶೋಧಕರು

ಚಿತ್ರದುರ್ಗದ ಗುಡ್ಡಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಹೆದ್ದಾರಿಯಲ್ಲಿ ಹಾದುಹೋಗುವವರೆಲ್ಲ ನೋಡಿರುತ್ತಾರೆ. ಗಾಳಿಯ ವೇಗ ಗಳಿಗೆಗೊಮ್ಮೆ ಬದಲಾಗುತ್ತದೆ. ಆದರೆ ಗ್ರಿಡ್‌ಗೆ ಸೇರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್‌ನ ಆಸುಪಾಸಿನಲ್ಲೇ ಇರಬೇಕು. ಹೊಸ ಮಾದರಿಯ ಯಂತ್ರಗಳಲ್ಲಿ ಈ ಹೊಂದಾಣಿಕೆಯನ್ನು ವಿದ್ಯುತ್ತನ್ನು ವೇಗವಾಗಿ ಆನ್-ಆಫ್ ಮಾಡುವ ಪವರ್ ಟ್ರಾನ್ಸಿಸ್ಟರ್ ಎಂಬ ಅರೆವಾಹಕ ಸಾಧನಗಳು ಮಾಡುತ್ತವೆ. ಹೊಲದಲ್ಲಿರುವ ಸೋಲಾರ್ ಪಂಪ್‌ಸೆಟ್ಟಿನ ಒಳಗಿರುವುದೂ ಇದೇ ಬಗೆಯ ಸಾಧನ. ಪ್ರತಿ ಸಲ ಸ್ವಿಚ್ ಆಗುವಾಗಲೂ ಅದರಲ್ಲಿ ಸ್ವಲ್ಪ ವಿದ್ಯುತ್ ಶಾಖವಾಗಿ ನಷ್ಟವಾಗುತ್ತದೆ. ಸಿಲಿಕಾನ್ ಬದಲಿಗೆ ಸಿಲಿಕಾನ್ ಕಾರ್ಬೈಡ್ ಅಥವಾ ಗ್ಯಾಲಿಯಂ ನೈಟ್ರೈಡ್ ಬಳಸಿದರೆ ಈ ನಷ್ಟ ಬಹಳ ಕಡಿಮೆಯಾಗುತ್ತದೆ. ಈಚಿನ ಮೊಬೈಲ್ ಚಾರ್ಜರುಗಳು ಚಿಕ್ಕದಾಗಿದ್ದರೂ ವೇಗವಾಗಿ ಚಾರ್ಜ್ ಮಾಡುವುದಕ್ಕೆ ಗ್ಯಾಲಿಯಂ ನೈಟ್ರೈಡ್ ಒಂದು ಮುಖ್ಯ ಕಾರಣ.

ಇಂಥ ಒಂದು ಹೊಸ ವಸ್ತುವಿನಿಂದ ಇನ್ನೂ ಉತ್ತಮ ಟ್ರಾನ್ಸಿಸ್ಟರ್ ಮಾಡಬಹುದೆಂದು ದಾವಣಗೆರೆಯ ಕಾಲೇಜೊಂದರ ಅಧ್ಯಾಪಕರಿಗೆ ಹೊಳೆಯಿತು ಎಂದುಕೊಳ್ಳೋಣ. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಬಹುದು, ವಸ್ತುವಿನ ಪುಡಿಯನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ತಯಾರಿಸಬಹುದು. ಆದರೆ ಅದರಿಂದ ಒಂದು ಸಾಧನವನ್ನು ಮಾಡಿ ನೋಡುವುದು ಎಲ್ಲಿ? ಎಲೆಕ್ಟ್ರಾನ್ ಕಿರಣದಿಂದ ಹತ್ತಿಪ್ಪತ್ತು ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಅಗಲದ ಗೆರೆಗಳನ್ನು ಬರೆಯುವ ಯಂತ್ರದ ಬೆಲೆಯೇ ಹಲವು ಕೋಟಿ ರೂಪಾಯಿ. ಯಂತ್ರ ಬಂದರೂ ಅದನ್ನಿಡಲು ಕ್ಲೀನ್‌ರೂಮ್ ಬೇಕು. ಅಲ್ಲಿನ ಗಾಳಿಯನ್ನು ಹಗಲೂ ರಾತ್ರಿ ಸೋಸುತ್ತಲೇ ಇರಬೇಕು, ನೆಲ ಅದುರಬಾರದು, ಉಷ್ಣತೆ ಮತ್ತು ತೇವಾಂಶ ಏರುಪೇರಾಗಬಾರದು. ‘ಕ್ಲಾಸ್ 100’ ಎಂಬ ದರ್ಜೆಯ ಕೋಣೆಯಲ್ಲಿ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡದಾದ ಕಣಗಳು ನೂರಕ್ಕಿಂತ ಹೆಚ್ಚಿರುವಂತಿಲ್ಲ. ಸಾಮಾನ್ಯ ಕೋಣೆಯ ಅಷ್ಟೇ ಗಾಳಿಯಲ್ಲಿ ಅಂಥವು ಲಕ್ಷಗಟ್ಟಲೆ ಇರುತ್ತವೆ. ಇಷ್ಟನ್ನೂ ಒಂದೊಂದು ಕಾಲೇಜು, ಒಂದೊಂದು ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ಕಟ್ಟಿಕೊಳ್ಳುವುದು ಯಾವ ದೇಶಕ್ಕೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1977ರಲ್ಲಿ ಸೂಕ್ಷ್ಮ ರಚನೆಗಳಿಗಾಗಿ ರಾಷ್ಟ್ರೀಯ ಸೌಲಭ್ಯವೊಂದು ಆರಂಭವಾದದ್ದು ಈ ತಿಳಿವಳಿಕೆಯಿಂದಲೇ. ಭಾರತದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಐಐಟಿ ತಮ್ಮ ನ್ಯಾನೋ ಎಲೆಕ್ಟ್ರಾನಿಕ್ಸ್ ಕೇಂದ್ರಗಳ ಬಾಗಿಲನ್ನು ಹೊರಗಿನ ಸಂಶೋಧಕರಿಗೂ ತೆರೆದವು. ಕೇಂದ್ರ ಸರ್ಕಾರದ ಹಣದಿಂದ 2008ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಈಗ ದೆಹಲಿ, ಮದ್ರಾಸ್, ಖರಗಪುರ ಮತ್ತು ಗುವಾಹಟಿಯ ಐಐಟಿಗಳೂ ಇವೆ. ಬೆಂಗಳೂರಿನ ಕೇಂದ್ರದ ಕ್ಲೀನ್‌ರೂಮ್ ಸುಮಾರು 14,000 ಚದರಡಿಯಷ್ಟಿದೆ. ದಾವಣಗೆರೆಯಿಂದ ರಾತ್ರಿ ರೈಲು ಹತ್ತಿದವರು ಬೆಳಗಾಗುವುದರೊಳಗೆ ತಲುಪುವ ದೂರದಲ್ಲಿ ಅದಿದೆ ಎಂಬುದು ನಮ್ಮ ಭಾಗದ ಎಷ್ಟೋ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ತಿಳಿದಿಲ್ಲ ಎಂಬ ಅನುಮಾನ ನನಗಿದೆ.

ಹಂಚಿಕೊಂಡು ಬಳಸುವುದು ಎಂದರೆ ಚಳ್ಳಕೆರೆಯ ಎಣ್ಣೆ ಗಿರಣಿಯ ನೆನಪಾಗಬಹುದು: ಹತ್ತಾರು ಊರಿನ ಶೇಂಗಾ ಒಂದೇ ಗಿರಣಿಗೆ ಬರುತ್ತದೆ. ಆದರೆ ಗಿರಣಿಗೆ ಬರುವುದೆಲ್ಲ ಶೇಂಗಾವೇ. ನ್ಯಾನೋ ಕೇಂದ್ರಕ್ಕೆ ಬರುವವರು ಒಬ್ಬೊಬ್ಬರೂ ಒಂದೊಂದು ವಸ್ತು ತರುತ್ತಾರೆ, ಒಬ್ಬರ ವಸ್ತು ಇನ್ನೊಬ್ಬರ ಪಾಲಿಗೆ ವಿಷವಾಗಬಹುದು. ಈ ವಿದ್ಯೆಯ ನಿಜವಾದ ಕಷ್ಟ ಇರುವುದು ಇಲ್ಲಿಯೇ.

ಆಕ್ಸೈಡ್ ಕುಲುಮೆಯನ್ನೇ ನೋಡೋಣ. ಸ್ಫಟಿಕ ಶಿಲೆಯಿಂದ ಮಾಡಿದ, ಒಳಗೆ ಮಂಜಿನ ಹನಿಯಷ್ಟೂ ಕಲೆಯಿಲ್ಲದ ಉದ್ದನೆಯ ಕೊಳವೆ ಅದು. ಸಿಲಿಕಾನ್ ವೇಫರುಗಳನ್ನು, ಅಂದರೆ ಚಿಪ್ ಮಾಡಲು ಬಳಸುವ ತೆಳು ಬಿಲ್ಲೆಗಳನ್ನು, ಸಾಲಾಗಿ ನಿಲ್ಲಿಸಿ, ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆಮ್ಲಜನಕ ಹಾಯಿಸಿದರೆ ವೇಫರಿನ ಮೇಲೆ ಗಾಜಿನಂಥ ತೆಳುವಾದ ಆಕ್ಸೈಡ್ ಪದರ ಬೆಳೆಯುತ್ತದೆ. ಯಾರಾದರೂ ಚಿನ್ನ ಲೇಪಿಸಿದ ವೇಫರೊಂದನ್ನು ಈ ಕೊಳವೆಯೊಳಗಿಟ್ಟರೆ ಚಿನ್ನದ ಪರಮಾಣುಗಳು ಕೊಳವೆಯ ಗೋಡೆಗೆ ಅಂಟುತ್ತವೆ, ಮುಂದಿನ ವಾರ ಬಂದವರ ಶುದ್ಧ ವೇಫರಿಗೆ ಇಳಿಯುತ್ತವೆ, ಆ ಶಾಖದಲ್ಲಿ ಸಿಲಿಕಾನಿನ ಆಳಕ್ಕೆ ವೇಗವಾಗಿ ಹರಡುತ್ತವೆ. ಅಲ್ಲಿ ಅವು ವಿದ್ಯುದಾವೇಶಗಳನ್ನು ಹಿಡಿದುಹಾಕುವ ಬಲೆಗಳಾಗಿ, ಟ್ರಾನ್ಸಿಸ್ಟರ್ ಆಫ್ ಇದ್ದಾಗಲೂ ಅದರಲ್ಲಿ ಪ್ರವಾಹ ಸೋರುವಂತೆ ಮಾಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೇಫರ್ ನಿಷ್ಕಳಂಕವಾಗಿಯೇ ಕಾಣುತ್ತದೆ, ಅಳತೆ ಮಾತ್ರ ತಪ್ಪಾಗಿ ಬರುತ್ತದೆ. ತಾಮ್ರದ್ದೂ ಇದೇ ಕಥೆ. ಬೆವರಿನ ಉಪ್ಪಿನಲ್ಲಿರುವ ಸೋಡಿಯಂ 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ತಯಾರಕರನ್ನು ಇದೇ ರೀತಿ ಕಾಡಿತ್ತು: ಆಕ್ಸೈಡ್ ಪದರದೊಳಗೆ ಸೇರಿದ ಸೋಡಿಯಂ ಅಯಾನುಗಳು ಮೆಲ್ಲನೆ ಸರಿದಾಡಿ, ಟ್ರಾನ್ಸಿಸ್ಟರ್ ಎಷ್ಟು ವೋಲ್ಟಿಗೆ ಆನ್ ಆಗಬೇಕೆಂಬುದನ್ನೇ ಬದಲಿಸಿಬಿಡುತ್ತಿದ್ದವು.

ಚಿಪ್ ಕಾರ್ಖಾನೆಯಲ್ಲಿ ಇದಕ್ಕೆ ನೇರವಾದ ಪರಿಹಾರವಿದೆ. ಅನುಮೋದಿತವಲ್ಲದ ಯಾವ ವಸ್ತುವೂ ಒಳಗೆ ಬರುವಂತಿಲ್ಲ, ಒಮ್ಮೆ ಸ್ಥಿರಪಡಿಸಿದ ಪ್ರಕ್ರಿಯೆಯನ್ನು ಯಾರೂ ಕದಲಿಸುವಂತಿಲ್ಲ. ಸಂಶೋಧನಾ ಕೇಂದ್ರ ಹಾಗೆ ಬಾಗಿಲು ಹಾಕಿಕೊಂಡರೆ ಅದರ ಉದ್ದೇಶವೇ ಹೋಯಿತು. ಹಾಗಾಗಿ ಚಿನ್ನ ಮುಟ್ಟಿದ್ದಕ್ಕೆ ಒಂದು ಕುಲುಮೆ, ಮುಟ್ಟದ್ದಕ್ಕೆ ಇನ್ನೊಂದು. ಚಿಮಟ, ಬೀಕರ್, ತೊಳೆಯುವ ತೊಟ್ಟಿಗಳೂ ಬೇರೆ ಬೇರೆ. ಯಾವ ಯಂತ್ರಕ್ಕೆ ಯಾವುದನ್ನು ಹಾಕಬಹುದೆಂದು ನಿರ್ಧರಿಸುವವರು, ಹೊಸಬರಿಗೆ ತರಬೇತಿ ಕೊಟ್ಟ ಮೇಲೆಯೇ ಯಂತ್ರ ಮುಟ್ಟಲು ಬಿಡುವವರು, ಕಳೆದ ತಿಂಗಳು ಬಂದ ಪದರದ ದಪ್ಪ ಈ ತಿಂಗಳೂ ಬರುತ್ತಿದೆಯೇ ಎಂದು ಪರೀಕ್ಷಿಸುವವರು ಅಲ್ಲಿನ ತಂತ್ರಜ್ಞರು. ಸಂಶೋಧನಾ ಪ್ರಬಂಧಗಳಲ್ಲಿ ಇವರ ಹೆಸರು ಅಪರೂಪ. ನನ್ನ ಮಟ್ಟಿಗೆ, ಇಂಥ ಕೇಂದ್ರದ ನಿಜವಾದ ಬಂಡವಾಳ ಇವರೇ. ಯಂತ್ರವನ್ನು ಹಣ ಕೊಟ್ಟು ತರಬಹುದು, ಹತ್ತು ವರ್ಷ ಅದರ ಜೊತೆ ಇದ್ದವರ ತಿಳಿವಳಿಕೆಯನ್ನು ತರಲಾಗದು.

ಬೇರೆ ಬೇರೆ ಶಾಸ್ತ್ರದವರು ಒಂದೇ ಸೂರಿನಡಿ ಕೆಲಸ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ಕಾರ್ನೆಲ್‌ನಲ್ಲೇ ಉದಾಹರಣೆಯಿದೆ. ಡಿಎನ್‌ಎಯನ್ನು ನಕಲು ಮಾಡುವ ಒಂದೇ ಒಂದು ಕಿಣ್ವದ ಅಣು ಕೆಲಸ ಮಾಡುವುದನ್ನು ಕಾಣಬೇಕೆಂದು ಅಲ್ಲಿನ ವಿಜ್ಞಾನಿಗಳು ಬಯಸಿದ್ದರು. ಸುತ್ತಲಿನ ದ್ರವದಲ್ಲಿ ತೇಲುವ ಹೊಳೆಯುವ ಅಣುಗಳ ನಡುವೆ ಆ ಒಂದರ ಬೆಳಕು ಮುಳುಗಿಹೋಗುತ್ತಿತ್ತು. ಗಾಜಿನ ಮೇಲಿನ ಅಲ್ಯೂಮಿನಿಯಂ ಪದರದಲ್ಲಿ ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಕಿರಿದಾದ ರಂಧ್ರಗಳನ್ನು ಕೊರೆದಾಗ ಬೆಳಕು ಆ ರಂಧ್ರ ದಾಟಲಾರದೆ ತಳದಲ್ಲಷ್ಟೇ ಉಳಿಯಿತು. ತಳಕ್ಕೆ ಅಂಟಿದ ಕಿಣ್ವ ಮಾತ್ರ ಕಾಣಿಸಿತು. 2003ರಲ್ಲಿ ಪ್ರಕಟವಾದ ಈ ಕೆಲಸ ಪ್ಯಾಸಿಫಿಕ್ ಬಯೋಸೈನ್ಸಸ್ ಕಂಪನಿಯ ಡಿಎನ್‌ಎ ಓದುವ ಯಂತ್ರಕ್ಕೆ ಆಧಾರವಾಯಿತು. ಮನುಷ್ಯನ ಜೀನೋಮಿನಲ್ಲಿ ಬಹುಕಾಲ ಬಾಕಿ ಉಳಿದಿದ್ದ ಭಾಗಗಳನ್ನು 2022ರಲ್ಲಿ ಪೂರ್ತಿ ಓದಿದಾಗ ಬಳಸಿದ ತಂತ್ರಗಳಲ್ಲಿ ಅದೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಗ್ಯಾಲಿಯಂ ನೈಟ್ರೈಡ್ ಸಾಧನಗಳ ಮೇಲೆ ಕೆಲಸ ಮಾಡುವ ಅಗ್ನಿಟ್, ಮಧುಮೇಹದ ರಕ್ತಪರೀಕ್ಷೆಯನ್ನು ಅಂಗೈ ಮೇಲಿನ ಉಪಕರಣಕ್ಕೆ ಇಳಿಸಿದ ಪಾಥ್‌ಶೋಧ್‌ನಂಥ ಕಂಪನಿಗಳು ಹುಟ್ಟಿವೆ.

ಹಾಗೆಂದು ಈ ಕೇಂದ್ರಗಳಿಂದ ಕಾರ್ಖಾನೆಗೆ ನೇರ ಹಾದಿಯೇನೂ ಇಲ್ಲ. ಪ್ರಯೋಗಾಲಯದಲ್ಲಿ ಹತ್ತು ಸಾಧನಗಳಲ್ಲಿ ಎರಡು ಚೆನ್ನಾಗಿ ನಡೆದರೂ ಪ್ರಬಂಧ ಬರೆಯಬಹುದು. ಕಾರ್ಖಾನೆಯಲ್ಲಿ ಸಾವಿರಾರು ವೇಫರುಗಳೂ ಒಂದೇ ಫಲ ಕೊಡಬೇಕು. ಆದರೆ ಯಾವ ಹಂತದಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನು ಕೋಟಿಗಟ್ಟಲೆ ಸುರಿಯುವ ಮೊದಲೇ ಕಂಡುಕೊಳ್ಳಲು ಇದಕ್ಕಿಂತ ಅಗ್ಗದ ಜಾಗವಿಲ್ಲ. ಗುಜರಾತಿನ ಧೋಲೇರಾದಲ್ಲಿ ಬರಲಿರುವಂಥ ಚಿಪ್ ಕಾರ್ಖಾನೆಗಳಿಗೆ ವೇಫರ್ ಹಿಡಿದು ಅಭ್ಯಾಸವಾದ ಕೈಗಳು ಸಾವಿರಗಟ್ಟಲೆ ಬೇಕು, ಅವುಗಳಲ್ಲಿ ಬಹಳಷ್ಟು ಪಿಎಚ್‌ಡಿ ಮಾಡಿದವರ ಕೈಗಳಾಗಬೇಕಿಲ್ಲ. ದಾವಣಗೆರೆ, ಚಿತ್ರದುರ್ಗಗಳ ಡಿಪ್ಲೊಮಾ ಮತ್ತು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಇಂಥ ಕೇಂದ್ರದಲ್ಲಿ ಕೆಲವು ವಾರಗಳ ತರಬೇತಿ ಸಿಗುವಂತೆ ನಮ್ಮ ಕಾಲೇಜುಗಳೇ ಮುಂದಾಗಿ ಅರ್ಜಿ ಹಾಕಬೇಕು, ಪ್ರಯಾಣದ ಮತ್ತು ಉಳಿಯುವ ಖರ್ಚನ್ನು ತಮ್ಮ ಬಜೆಟ್ಟಿನಲ್ಲೇ ತೆಗೆದಿಡಬೇಕು.