ನಮ್ಮ ಪ್ರವಾಸದ ದುಡ್ಡು ಕಾಡುಪ್ರಾಣಿಗಳನ್ನು ನಿಜವಾಗಿ ಉಳಿಸುತ್ತಾ?

ಓದುಗರ ಪ್ರಶ್ನೆ: ಹಳ್ಳಿಯವರೇ ನಡೆಸುವ ವನ್ಯಜೀವಿ ಪ್ರವಾಸಕ್ಕೆ ಹೋದರೆ ಪ್ರಾಣಿಗಳಿಗೆ ಒಳ್ಳೆಯದಾಗುತ್ತಾ, ಅಥವಾ ಅದು ಬರೀ ಜಾಹೀರಾತಿನ ಮಾತಾ?

ಒಳ್ಳೆಯದಾಗುತ್ತದೆ. ಆದರೆ ಎಷ್ಟು ದುಡ್ಡು ಬಂತು ಅನ್ನುವುದಕ್ಕಿಂತ ಅದು ಯಾರ ಕೈ ಸೇರಿತು ಅನ್ನುವುದು ಮುಖ್ಯ. ಪ್ರಾಣಿಯಿಂದ ನಷ್ಟ ಪಡುವವರಿಗೇ ಅದರಿಂದ ಲಾಭವೂ ಸಿಗಬೇಕು.

ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿನ ರುಂಬಕ್ ಹಳ್ಳಿಯನ್ನು ನೋಡಿ. ಹಿಮ ಚಿರತೆ ರಾತ್ರಿ ದೊಡ್ಡಿಗೆ ಇಳಿದರೆ ಒಂದು ಕುರಿಗೆ ಮುಗಿಯುವುದಿಲ್ಲ. ಒಳಗೆ ಸಿಕ್ಕಿಬಿದ್ದ ಕುರಿ, ಮೇಕೆಗಳು ಗಾಬರಿಯಿಂದ ಓಡಾಡುತ್ತವೆ, ಅದು ಒಂದರ ಹಿಂದೊಂದನ್ನು ಕೊಲ್ಲುತ್ತಾ ಹೋಗುತ್ತದೆ. ಬದುಕೇ ಕುರಿಗಳ ಮೇಲೆ ನಿಂತಿರುವ ಮನೆಯವರು ಸಿಟ್ಟಿನಿಂದ ಚಿರತೆಯನ್ನು ಕೊಂದರೆ ದೂರದಲ್ಲಿ ಕೂತು ಬೈಯುವುದು ಸುಲಭ, ಅಲ್ವಾ? 2000ದ ದಶಕದ ಆರಂಭದಲ್ಲಿ ಈ ಭಾಗದಲ್ಲಿ ಮನೆಗಳಲ್ಲೇ ಹೋಮ್‌ಸ್ಟೇ ಶುರುವಾಯಿತು. ದೊಡ್ಡಿಗಳ ಮೇಲೆ ತಂತಿ ಬಲೆಯೂ ಬಂತು. ಹೋಮ್‌ಸ್ಟೇ ನಡೆಸುವವರು ಹೆಚ್ಚಾಗಿ ಹೆಂಗಸರು. ಬಂದವರನ್ನು ಸರದಿಯಂತೆ ಮನೆಗಳಿಗೆ ಕಳಿಸುತ್ತಾರೆ. ನನಗೆ ಈ ಸರದಿಯೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಅದಿಲ್ಲದಿದ್ದರೆ ದಾರಿ ಪಕ್ಕದ ಮನೆಗೆ ದುಡ್ಡು, ದೂರದ ಮನೆಗೆ ಬರೀ ನಷ್ಟ.

ನಮೀಬಿಯಾ ಇನ್ನೂ ಮುಂದೆ ಹೋಯಿತು. 1996ರಲ್ಲಿ ಕಾನೂನು ಬದಲಿಸಿ, ಸಮುದಾಯದ ಜಮೀನಿನಲ್ಲಿರುವ ವನ್ಯಜೀವಿಗಳ ಮೇಲೆ ಅಲ್ಲಿನವರಿಗೇ ಹಕ್ಕು ಕೊಟ್ಟಿತು. 1998ರಲ್ಲಿ ಮೊದಲ ನಾಲ್ಕು ಸಂರಕ್ಷಣಾ ಪ್ರದೇಶಗಳು ನೋಂದಣಿಯಾದವು. ಈಗ ಅವು 80ಕ್ಕೂ ಜಾಸ್ತಿ, ದೇಶದ ಸುಮಾರು ಐದನೇ ಒಂದು ಭಾಗ. ಕಾವಲುಗಾರರು ಊರಿನವರೇ. ಲಾಡ್ಜ್ ಕಂಪನಿ ಜೊತೆ ಒಪ್ಪಂದ ಮಾಡಿಕೊಳ್ಳುವುದೂ ಊರಿನವರ ಸಮಿತಿಯೇ. ರುವಾಂಡಾದಲ್ಲಿ ತೀರ್ಮಾನ ಸರ್ಕಾರದ್ದು. ಗೊರಿಲ್ಲಾ ನೋಡಲು ಬರುವವರಿಂದ ಸೇರಿದಂತೆ ಉದ್ಯಾನಗಳ ಪ್ರವಾಸೋದ್ಯಮದ ಆದಾಯದಲ್ಲಿ ಸುತ್ತಲಿನ ಜನರಿಗಿದ್ದ 5% ಪಾಲನ್ನು 2017ರಲ್ಲಿ 10%ಕ್ಕೆ ಏರಿಸಿತು.

ಇದರಲ್ಲೊಂದು ದೊಡ್ಡ ಅಪಾಯವೂ ಇದೆ. 2020ರಲ್ಲಿ ಕೊರೋನಾದಿಂದ ಪ್ರವಾಸ ನಿಂತಾಗ ಇಂಥ ಊರುಗಳ ವರಮಾನವೂ ನಿಂತಿತು. ಪ್ರಾಣಿಗಳು ಮಾತ್ರ ಹೊಲಕ್ಕೂ ದೊಡ್ಡಿಗೂ ಬರುತ್ತಲೇ ಇದ್ದವು. ಹಾಗಾಗಿ ಪ್ರವಾಸವನ್ನೇ ನಂಬಿ ಕೂರುವುದು ಸರಿಯಲ್ಲ. ಕೃಷಿ, ಸಾಕುಪ್ರಾಣಿ ಉಳಿಯಬೇಕು, ಕಷ್ಟಕಾಲಕ್ಕೆ ಊರಿನ ನಿಧಿ ಇರಬೇಕು.

ಬುಕ್ ಮಾಡುವ ಮುಂಚೆ ಸುಮ್ನೆ ‘ಇಕೋ’ ಅನ್ನುವ ಬೋರ್ಡ್ ನೋಡಿ ಒಪ್ಪಬೇಡಿ. ಜಾಗ ಯಾರದು, ಗೈಡ್ ಯಾವ ಊರಿನವರು, ಊರಿನ ನಿಧಿಗೆ ಎಷ್ಟು ಹೋಗುತ್ತದೆ, ಅದರ ಲೆಕ್ಕವನ್ನು ಊರಿನವರು ನೋಡಬಹುದಾ ಅಂತ ಕೇಳಿ. ನಿಜವಾಗಿ ಪಾಲು ಕೊಡುತ್ತಿರುವವರು ಇದಕ್ಕೆ ನೇರವಾಗಿ ಉತ್ತರಿಸುತ್ತಾರೆ.